ಬಾಯಮ್ಮನ ಹೆಬ್ಬಾತೂ ನನ್ನ ಮೀನಖಂಡವೂ

ಒಂದು ಮಾತು ಕೇಳುತ್ತೇನೆ, ನಾಚಿಕೆ ಬಿಟ್ಟು ಉತ್ತರ ಹೇಳಿ. ನಿಮ್ಮನ್ನು ಯಾವತ್ತಾದರೂ ಹೆಬ್ಬಾತು ಅಟ್ಟಿಸಿಕೊಂಡು ಬಂದದ್ದುಂಟೇ? ನಾಯಿಯ ವಿಷಯವಲ್ಲ, ಗೂಳಿಯ ವಿಷಯವೂ ಅಲ್ಲ. ಬೆಳ್ಳಗೆ, ದುಂಡಗೆ, ದೂರದಿಂದ ನೋಡಿದರೆ ತಲೆದಿಂಬಿಗೆ ಕುತ್ತಿಗೆ ಮೊಳೆತ ಹಾಗೆ ಕಾಣುವ ಆ ಪ್ರಾಣಿಯ ವಿಷಯ. ಬಂದಿದ್ದರೂ ನೀವು ಯಾರಿಗೂ ಹೇಳಿರಲಿಕ್ಕಿಲ್ಲ, ನನಗೆ ಗೊತ್ತು. ಹುಲಿ ಅಟ್ಟಿಸಿದವನು ಆ ಕಥೆಯನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾನೆ. ಹಾವು ಕಂಡವನು, ಕಂಡದ್ದು ಬರೀ ಕೇರೆಯೇ ಆಗಿದ್ದರೂ, ಊಟದ ಪಂಕ್ತಿಯಲ್ಲಿ ಕೂತು ಅದಕ್ಕೊಂದು ಹೆಡೆ ಬರಿಸುತ್ತಾನೆ. ಬಾತು ಅಟ್ಟಿಸಿದವನು ಮಾತ್ರ, ಯಾಕೆ ಕುಂಟುತ್ತೀರಿ ಎಂದು ಕೇಳಿದರೆ, "ಸಂಧಿವಾತ" ಎನ್ನುತ್ತಾನೆ. ನಾನೂ ಬಹಳ ದಿನ ಸಂಧಿವಾತದವನಾಗಿಯೇ ತಿರುಗಿದೆ. ಇನ್ನು ಸಾಕು, ಹೇಳಿಬಿಡುತ್ತೇನೆ.

ಮೊದಲನೆಯ ತಪ್ಪು ನಮ್ಮ ಹಿರಿಯರದ್ದು. ಹಂಸ ಎಂದರೆ ಎಂಥ ಮರ್ಯಾದೆ ಕೊಟ್ಟುಬಿಟ್ಟಿದ್ದಾರೆ! ಚೆಂದದ ಹೆಂಗಸರದ್ದು ಹಂಸದ ನಡಿಗೆಯಂತೆ. ಈ ಹೋಲಿಕೆ ಕೊಟ್ಟ ಪುಣ್ಯಾತ್ಮ, ಹಂಸ ತನ್ನ ಕಡೆಗೇ ನಡೆದು ಬರುವುದನ್ನು ಖಂಡಿತ ಕಂಡವನಲ್ಲ. ಅದು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದಂತೆ. ಅದರ ತಮ್ಮನೋ ಭಾವನೋ ಆಗಬೇಕಾದ ಈ ಹೆಬ್ಬಾತಿಗೆ ಆ ವಿದ್ಯೆ ಬರುತ್ತದೆಯೋ ಇಲ್ಲವೋ ನಾನು ಪರೀಕ್ಷಿಸಲು ಹೋಗಿಲ್ಲ. ನನ್ನನ್ನೂ ನನ್ನ ಪಂಚೆಯನ್ನೂ ಬೇರ್ಪಡಿಸುವ ವಿದ್ಯೆ ಮಾತ್ರ ಚೆನ್ನಾಗಿ ಬರುತ್ತದೆ.

ನಾನು ಯಾರು ಎಂದು ಹೇಳಿದರೆ ನಿಮಗೆ ಇನ್ನಷ್ಟು ನಗು ಬರಬಹುದು. ಮಂಗಳೂರಿನ ಬಲ್ಮಠದ ಗುಡ್ಡೆಯ ಮೇಲಿರುವ ಒಂದು ಶಾಲೆಯಲ್ಲಿ ನಾನು ಡ್ರಿಲ್ ಮಾಷ್ಟ್ರು. ಎತ್ತರದ ಆಳು. ಮೀಸೆ ಉಂಟು, ಅದು ಕೆನ್ನೆಯ ಅರ್ಧದವರೆಗೂ ಹೋಗಿ ಅಲ್ಲಿಂದ ಮೇಲಕ್ಕೆ ತಿರುಗಿದೆ. ನಾನು "ಅಟೆನ್ಷನ್" ಎಂದು ಕೂಗಿದರೆ ರಸ್ತೆಯಲ್ಲಿ ಹೋಗುವ ಜಟಕಾದ ಕುದುರೆ ಕೂಡ ಒಮ್ಮೆ ನಿಂತು ನೋಡುತ್ತದೆ ಎಂದು ಹೇಳುವವರಿದ್ದಾರೆ. ಹೇಳುವವರಲ್ಲಿ ನಾನೂ ಒಬ್ಬ. ಇಂಥ ಮನುಷ್ಯ ದಿನ ಬೆಳಗಾದರೆ ತನ್ನ ಮನೆಯ ಬಾಗಿಲನ್ನು ಸ್ವಲ್ಪವೇ ತೆರೆದು, ಮೂಗು ಮಾತ್ರ ಹೊರಗೆ ಹಾಕಿ, ಅಂಗಳದಲ್ಲಿ ಯಾರಿದ್ದಾರೆ ಎಂದು ನೋಡುವ ಅವಸ್ಥೆಗೆ ಬಂದನಲ್ಲ, ಅದಕ್ಕೆ ಕಾರಣ ನೀರು. ಹೌದು, ಕುಡಿಯುವ ನೀರು.

ಮೊದಲು ನಾವು ಬಂದರಿನ ಬದಿಯಲ್ಲಿ ಇದ್ದೆವು. ಅಲ್ಲಿ ಬಾವಿಗೆ ಬರಗಾಲವಿಲ್ಲ, ಆದರೆ ನೀರು ಉಪ್ಪು. ಬೇಸಿಗೆಯಲ್ಲಂತೂ ಬಾವಿಯಿಂದ ಸೇದಿದ ನೀರಿಗೆ ನಾಲ್ಕು ಬಂಗುಡೆ ಮೀನು ಹಾಕಿದರೆ ಸಾರಿಗೆ ಬೇರೆ ಉಪ್ಪು ಬೇಡ. ನನ್ನ ಹೆಂಡತಿ ಕಲ್ಯಾಣಿ ಮದುವೆಯಾಗಿ ಬಂದ ಮೇಲೆ ನಾಲ್ಕು ಮನೆ ಬದಲಾಯಿಸಿದ್ದೇವೆ, ನಾಲ್ಕರಲ್ಲೂ ಇದೇ ಗೋಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ಕಾಫಿ ಕುಡಿದವರು ಇನ್ನೊಂದು ಸಲ ಬರುವುದಿಲ್ಲ. ಕೊನೆಗೆ ಕುಲಶೇಖರದಲ್ಲಿ ಬಾಯಮ್ಮನ ಹಿತ್ತಲಿನ ಬಿಡಾರ ಸಿಕ್ಕಿತು. ಬಾಯಮ್ಮ ಎಂದರೆ ನಮ್ಮ ಧಣಿ, ಒಂಟಿ ಹೆಂಗಸು, ಪ್ರಾಯ ಅರುವತ್ತು ದಾಟಿರಬೇಕು, ಗಟ್ಟಿ ಸ್ವರ, ಅದಕ್ಕಿಂತ ಗಟ್ಟಿ ಮನಸ್ಸು. ಮನೆ ನೋಡಲು ಹೋದ ದಿನ ಕಲ್ಯಾಣಿ ಅಡುಗೆಕೋಣೆ ನೋಡಲಿಲ್ಲ, ಮಾಡಿನ ಹಂಚು ನೋಡಲಿಲ್ಲ, ನೇರ ಬಾವಿಗೆ ಹೋದಳು. ಒಂದು ಕೊಡಪಾನ ಸೇದಿ ಬೊಗಸೆಯಲ್ಲಿ ಕುಡಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ನನ್ನ ಕುತ್ತಿಗೆಗೆ ಹಾರ ಹಾಕಿದ ದಿನವೂ ಅವಳ ಮುಖದಲ್ಲಿ ಅಂಥ ತೃಪ್ತಿ ನಾನು ಕಂಡಿರಲಿಲ್ಲ.

"ಇವರೇ," ಎಂದಳು. "ಇನ್ನು ನಾನು ಎಲ್ಲಿಗೂ ಬರ್ಲಿಕ್ಕಿಲ್ಲ. ನನ್ನನ್ನು ಇಲ್ಲಿಂದ ಎಬ್ಬಿಸುದಾದ್ರೆ ನಾಲ್ಕು ಜನ ಹೊತ್ಕೊಂಡೇ ಹೋಗ್ಬೇಕು."

ಇಷ್ಟೆಲ್ಲ ಆಗುವಾಗ ನಾನು ಇನ್ನೂ ಗೇಟಿನ ಹೊರಗೇ ಇದ್ದೆ. ಯಾಕೆಂದರೆ ಗೇಟಿನ ಒಳಗೆ ಕಪ್ತಾನ ಇದ್ದ.

ಬಾಯಮ್ಮ ಆ ಗಂಡು ಹೆಬ್ಬಾತಿಗೆ ಇಟ್ಟ ಹೆಸರು ಅದು. ಮೊದಲು ಅವರ ಮನೆಯಲ್ಲಿ ಒಂದು ನಾಯಿ ಇತ್ತಂತೆ. ಅದನ್ನು ಒಂದು ದಿನ ಚಿರತೆ ಕೊಂಡುಹೋಯಿತು. ಆಮೇಲೆ ಅವರು ನಾಯಿ ಸಾಕಲಿಲ್ಲ, ಕಪ್ತಾನನನ್ನೂ ಅವನ ಇಬ್ಬರು ಹೆಂಡಂದಿರನ್ನೂ ತಂದರು. ಚಿರತೆ ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕುಲಶೇಖರದವರು ಬೇರೆ ಬೇರೆ ಕಾರಣ ಹೇಳುತ್ತಾರೆ. ನನಗೆ ಸಂಶಯವೇ ಇಲ್ಲ. ಒಂದು ಸಲ ಬಂದಿರಬೇಕು, ಸಂಧಿವಾತ ಹಿಡಿದು ಹೋಗಿರಬೇಕು.

ಹೆಬ್ಬಾತು ಹೇಗೆ ಯುದ್ಧ ಮಾಡುತ್ತದೆ ಎಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೊದಲು ಅದು ನಿಮ್ಮನ್ನು ಕಂಡೇ ಇಲ್ಲ ಎನ್ನುವ ಹಾಗೆ ಹುಲ್ಲು ತಿನ್ನುತ್ತಿರುತ್ತದೆ. ನೀವು ನಂಬಿ ಮುಂದೆ ಬರುತ್ತೀರಿ. ಆಗ ಕುತ್ತಿಗೆ ನೆಲಕ್ಕೆ ಸಮವಾಗಿ ಉದ್ದವಾಗುತ್ತದೆ, ನೀರು ಹಾಯಿಸುವ ಕೊಳವೆಯ ಹಾಗೆ. ಅದರ ತುದಿಯಿಂದ ಒಂದು ಶಬ್ದ ಬರುತ್ತದೆ. ಮದುವೆ ಮನೆಯಲ್ಲಿ ಗ್ಯಾಸ್‌ಲೈಟಿಗೆ ಗಾಳಿ ಹೆಚ್ಚಾದಾಗ ಬರುತ್ತದಲ್ಲ, ಅದೇ ಶಬ್ದ. ಗ್ಯಾಸ್‌ಲೈಟಾದರೆ ಮೊಳೆಗೆ ತೂಗಿಕೊಂಡು ಇದ್ದಲ್ಲೇ ಇರುತ್ತದೆ. ಇದು ರೆಕ್ಕೆ ಬಿಚ್ಚಿ ಓಡಿ ಬರುತ್ತದೆ. ಕಚ್ಚುವಾಗಲೂ ಸುಮ್ಮನೆ ಕಚ್ಚುವುದಿಲ್ಲ. ಮೀನಖಂಡದ ಒಳ್ಳೆಯ ಭಾಗ ನೋಡಿ ಹಿಡಿದು, ಪೆಟ್ಟಿಗೆಯ ಬೀಗಕ್ಕೆ ಕೀಲಿಕೈ ತಿರುಗಿಸಿದ ಹಾಗೆ ಒಂದು ಸುತ್ತು ತಿರುಗಿಸುತ್ತದೆ. ಮೊದಲನೆಯ ದಿನ ನನ್ನ ಪಂಚೆ ಗೇಟಿನ ಹತ್ತಿರ ಉಳಿಯಿತು, ನಾನು ಜಗಲಿಯ ಮೇಲೆ ಸಿಕ್ಕಿದೆ. ಒಳಗೆ ಚಡ್ಡಿ ಇತ್ತು ಎಂಬುದು ಡ್ರಿಲ್ ಮಾಷ್ಟ್ರಾದದ್ದರ ಒಂದೇ ಪ್ರಯೋಜನ.

ಎಲ್ಲರ ಮೇಲೂ ಹಾಗೆ ಬರುತ್ತಿದ್ದರೆ ನನಗೆ ಬೇಸರವಿರಲಿಲ್ಲ. ಕಲ್ಯಾಣಿ ಹೋದರೆ ದಾರಿ ಬಿಡುತ್ತಿದ್ದ. ಮೀನಿನ ದೇವಕ್ಕ ಬುಟ್ಟಿ ಹೊತ್ತುಕೊಂಡು ದಿನಾ ಬರುತ್ತಾಳೆ, ಅವಳ ಕಾಲಿನ ಹತ್ತಿರ ಕೊಕ್ಕು ತಾಗಿಸಿ ಮರ್ಯಾದೆ ಮಾಡುತ್ತಿದ್ದ. ಅಂಚೆಯವನಿಗೂ ತೊಂದರೆಯಿಲ್ಲ. ನಾನೊಬ್ಬ ಬಂದರೆ ಮಾತ್ರ ಗ್ಯಾಸ್‌ಲೈಟು. ಇದಕ್ಕೆ ಕಾರಣ ಏನು ಎಂದು ಅಂಗಳದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

"ಮಾಷ್ಟ್ರ ಮೀಸೆ ನೋಡಿ ಅವನಿಗೆ ಆಗುದಿಲ್ಲ," ಎಂದಳು ದೇವಕ್ಕ, ಬುಟ್ಟಿ ಇಳಿಸುತ್ತಾ. "ಎರಡು ಕಡೆ ರೆಕ್ಕೆ ಬಿಚ್ಚಿದ ಹಾಗೆ ಕಾಣ್ತದೆ ಅಲ್ವಾ? ಅವನು ಗ್ರಹಿಸುದು ಇನ್ನೊಂದು ಗಂಡು ಬಂತು ಅಂತ."

"ಮೀಸೆ ಅಲ್ಲ ಮಾರಾಯ್ತಿ, ಧೈರ್ಯ," ಎಂದರು ಬಾಯಮ್ಮ. "ಮಾಷ್ಟ್ರೇ, ನೀವು ಹೆದರುದು ಅವನಿಗೆ ಗೊತ್ತುಂಟು. ನಿಲ್ಲಿ. ನಿಂತು ಅವನ ಮುಖ ನೋಡಿ. ಎಂತ ಮಾಡುದಿಲ್ಲ."

ನಾನು ನಿಂತೆ. ಮುಖ ನೋಡಿದೆ. ಎಂತ ಮಾಡಿದ ಎಂಬುದು ಬಾಯಮ್ಮನಿಗೆ ಕಾಣಲಿಲ್ಲ, ಯಾಕೆಂದರೆ ಅವನು ಸುತ್ತು ಬಂದು ಮಾಡಿದ್ದು ಹಿಂದಿನಿಂದ.

ಹೀಗೆ ಒಂದು ಮಳೆಗಾಲವೂ ಒಂದು ಚಳಿಗಾಲವೂ ಕಳೆಯಿತು. ಶಾಲೆಗೆ ಹೋಗುವಾಗ ಹಿಂದಿನ ಬೇಲಿ ಹಾರಿ, ಪಕ್ಕದವರ ಬಸಳೆ ಚಪ್ಪರದ ಅಡಿಯಿಂದ ನುಸುಳಿ, ರಸ್ತೆಗೆ ಬಂದ ಮೇಲೆ ಬೆನ್ನು ನೆಟ್ಟಗೆ ಮಾಡಿ ಮೀಸೆ ತಿರುಗಿಸಿಕೊಳ್ಳುವುದು ನನಗೆ ಅಭ್ಯಾಸವಾಯಿತು. ಆದರೆ ಪಕ್ಕದವರೂ ಮನುಷ್ಯರೇ. ಒಂದು ದಿನ ಅವರು ಬಸಳೆಯ ಅಡಿಗೆ ಮುಳ್ಳು ಹಾಕಿದರು. ನನ್ನ ತಾಳ್ಮೆ ಮುಗಿಯಿತು. ಬಂದರಿನ ಬದಿಯಲ್ಲಿ ಒಂದು ಮನೆ ಖಾಲಿಯಾಗಿದೆ ಎಂದು ಯಾರೋ ಹೇಳಿದ್ದರು. ಅದರ ಧಣಿಯನ್ನು ಕಂಡು ಮಾತನಾಡಿ, ಸೋಮವಾರ ಬಂದು ಕೀಲಿಕೈ ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಕಲ್ಯಾಣಿಗೆ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದರೆ ನನಗೆ ಧೈರ್ಯ ಬರುತ್ತಿತ್ತು. ಅವಳು ಹೋಗಿ ಬಾವಿಕಟ್ಟೆಯ ಮೇಲೆ ಕೂತಳು.

"ಎಲ್ಲ ಪಾತ್ರೆಗಳನ್ನು ನಾಳೆ ಈ ನೀರಲ್ಲಿ ಒಂದು ಸಲ ತೊಳೀತೇನೆ," ಎಂದಳು. "ಮತ್ತೆ ಅಲ್ಲಿಯ ನೀರಲ್ಲಿ ತೊಳೆದದ್ದು ಗೊತ್ತಾಗುದಿಲ್ಲ ಅಲ್ವಾ."

ನೋಡಿ, ಹೆಂಗಸು ಅತ್ತರೆ ಸಮಾಧಾನ ಮಾಡಬಹುದು. ಪಾತ್ರೆಯ ವಿಷಯ ಮಾತನಾಡಿದರೆ ಏನು ಮಾಡುವುದು? ಆ ದಿನ ನನಗೆ ಊಟ ಸೇರಲಿಲ್ಲ. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು, ಅದೂ ಒಂದು ಕಾರಣ.

ಮರುದಿನ ಆದಿತ್ಯವಾರ. ಬೆಳಿಗ್ಗೆಯೇ ದೂಮಣ್ಣ ಮಾವ ಬಂದರು. ಇವರು ನನ್ನ ತಾಯಿಯ ಅಣ್ಣ. ನಮ್ಮದು ಅಳಿಯಕಟ್ಟಿನ ಮನೆತನ, ಅಪ್ಪ ಹೇಳಿದ್ದನ್ನು ಕೇಳಿದರೂ ಆದೀತು ಬಿಟ್ಟರೂ ಆದೀತು, ಸೋದರಮಾವ ಹೇಳಿದ್ದನ್ನು ಬಿಡುವ ಹಾಗಿಲ್ಲ. ಮಾವನಿಗೆ ಲೋಕದಲ್ಲಿ ಇರುವ ಶಾಸ್ತ್ರ ಒಂದೇ, ಕೋಳಿಕಟ್ಟ. ಎಲ್ಲಿ ಕೋಳಿಗಳ ಪಂದ್ಯವಿದ್ದರೂ ಅವರು ಕಂಕುಳಲ್ಲಿ ಒಂದು ಹುಂಜ ಇಟ್ಟುಕೊಂಡು ಹೊರಟೇಬಿಡುತ್ತಾರೆ. ಅವತ್ತೂ ಎಲ್ಲಿಗೋ ಹೊರಟವರು ದಾರಿಯಲ್ಲಿ ಕಾಫಿಗೆಂದು ಬಂದಿದ್ದರು. ಕೋಳಿಕಟ್ಟದವರಿಗೆ ಅವರದೇ ಒಂದು ಪಂಚಾಂಗ ಉಂಟು, ಕುಕ್ಕುಟ ಪಂಚಾಂಗ ಎಂದು. ಯಾವ ವಾರ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನಿಂದ ಬಿಟ್ಟರೆ ಯಾವ ಬಣ್ಣದ ಹುಂಜ ಯಾವ ಬಣ್ಣದ್ದನ್ನು ಗೆಲ್ಲುತ್ತದೆ ಎಂಬ ಲೆಕ್ಕ ಅದು. ಮಾವನಿಗೆ ಅದು ಬಾಯಿಪಾಠ. ಸ್ವಂತ ಮಕ್ಕಳ ಹೆಸರು ಕರೆಯುವಾಗ ತಡವರಿಸುತ್ತಾರೆ, ಹುಂಜದ ಬಣ್ಣಗಳ ಹೆಸರಿನಲ್ಲಿ ತಡವರಿಸುವುದಿಲ್ಲ.

ನಾನು ವಿಷಯ ಹೇಳಿದೆ. ಮಾವ ಜಗಲಿಯ ತುದಿಗೆ ಹೋಗಿ ಕಪ್ತಾನನನ್ನು ನೋಡಿದರು. ಕಣ್ಣು ಕಿರಿದು ಮಾಡಿದರು.

"ಇದೆಂತ ಮಾರಾಯ, ಇಷ್ಟಕ್ಕೆ ಮನೆ ಬಿಡುದಾ?" ಎಂದರು. "ಇವನು ಬೊಳ್ಳೆ. ಅಪ್ಪಟ ಬಿಳಿ. ಆದಿತ್ಯವಾರ ಮಧ್ಯಾಹ್ನದೊಳಗೆ ಬೊಳ್ಳೆಗೆ ಸೋಲು ಉಂಟು. ಕೆಮ್ಮೈರೆಯನ್ನು ಮೂಡಣದಿಂದ ಬಿಡ್ಬೇಕು. ಬರೆದಿಟ್ಟ ಹಾಗೆ ಗೆಲ್ತದೆ."

"ಕೆಮ್ಮೈರೆ ಅಂದ್ರೆ ಕೆಂಪು ಹುಂಜ ಅಲ್ವಾ ಮಾವ?" ಎಂದಳು ಕಲ್ಯಾಣಿ. "ನಿಮ್ಮ ಕೈಯಲ್ಲಿರುದು ಕಪ್ಪು."

"ಇದನ್ನು ಯಾಕೆ ಬಿಡುದು? ಜಗಳ ಇದಕ್ಕಾ?" ಎಂದು ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವನನ್ನು ಕೆಂಪು ಮಾಡುವ."

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ನಾನು ಮೆಟ್ರಿಕ್ ಪಾಸಾದವನು. ಮನುಷ್ಯನ ಎಲುಬು, ಸ್ನಾಯು ಇತ್ಯಾದಿಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡುವವನು. ಕುಕ್ಕುಟ ಪಂಚಾಂಗ ಮನುಷ್ಯನಿಗೆ ಅನ್ವಯಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಬಾವಿಕಟ್ಟೆಯ ಹತ್ತಿರ ಪಾತ್ರೆಗಳೆಲ್ಲ ಸಾಲಾಗಿ ತೊಳೆಯಲು ಬಂದು ಕೂತಿದ್ದವು. ಆ ಪಾತ್ರೆಗಳನ್ನು ನೋಡಿದವನಿಗೆ ಯಾವ ಪಂಚಾಂಗವಾದರೂ ಅನ್ವಯಿಸುತ್ತದೆ.

"ಅದು ಕೋಳಿ ಅಲ್ಲವಲ್ಲ ಮಾವ, ಬಾತು," ಎಂದು ನೋಡಿದೆ.

"ಕೊಕ್ಕು ಉಂಟಾ? ಉಂಟು. ರೆಕ್ಕೆ ಉಂಟಾ? ಉಂಟು. ಮತ್ತೆ ಎಂತ ಅದರ ಜಾತಕ ನೋಡ್ಲಿಕ್ಕುಂಟಾ?"

"ಹಾಗಾದ್ರೆ ನನಗೆ ಕೊಕ್ಕೂ ಇಲ್ಲ, ರೆಕ್ಕೆಯೂ ಇಲ್ಲ."

"ನಿನಗೆ ಮಾವ ಇದ್ದಾನೆ," ಎಂದರು ಮಾವ. ಅಲ್ಲಿಗೆ ಮಾತು ಮುಗಿಯಿತು.

ಕೆಂಪು ಮಾಡುವ ಕೆಲಸ ಶುರುವಾಯಿತು. ಮಳೆಗಾಲಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಕೆಂಪು ಕಂಬಳಿ ಮೈಗೆ ಬಂತು. ತಲೆಗೆ ಕೆಂಪು ಬೈರಾಸು ಕಟ್ಟಿ, ಅದರ ಒಂದು ತುದಿ ಜುಟ್ಟಿನ ಹಾಗೆ ಮೇಲೆ ನಿಲ್ಲಿಸಿದರು. ಕಾಲಿಗೆ ಬಾಳು ಕಟ್ಟುವುದು ಕೋಳಿಕಟ್ಟದ ಪದ್ಧತಿ, ಅಂದರೆ ಸಣ್ಣ ಚೂರಿ. ಅದೊಂದು ಬೇಡ ಎಂದು ಕಲ್ಯಾಣಿ ಕೈ ಮುಗಿದಳು. ಬದಲಿಗೆ ಎರಡು ಮೀನಖಂಡಕ್ಕೂ ಅಡಿಕೆ ಹಾಳೆ ಸುತ್ತಿ ಬಳ್ಳಿಯಲ್ಲಿ ಬಿಗಿದರು. ಎಲ್ಲ ಆದ ಮೇಲೆ ಮಾವ ದೂರ ನಿಂತು ನೋಡಿ, "ಮುಖ ಕಪ್ಪುಂಟು. ಬಣ್ಣ ಕೆಡ್ತದೆ. ಕುಂಕುಮ ತಾ ಮಗಾ," ಎಂದರು. ಕಲ್ಯಾಣಿ ಕುಂಕುಮ ಕಲಸಿ ನನ್ನ ಎರಡು ಕೆನ್ನೆಗೂ ಮೂಗಿಗೂ ಹಚ್ಚಿದಳು. ಹಚ್ಚುವಾಗ ಅವಳ ತುಟಿ ನಡುಗುತ್ತಿತ್ತು. ದುಃಖದಿಂದ ಎಂದು ನಾನು ಗ್ರಹಿಸಿ, "ಹೆದರಬೇಡ" ಎಂದೆ. ಅವಳು ಒಳಗೆ ಓಡಿ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಕ್ಕಳು. ಮಂಗಳೂರಿನ ಬೇಸಿಗೆಯಲ್ಲಿ ಉಣ್ಣೆಯ ಕಂಬಳಿ ಹೊದ್ದವನ ಸುಖ ನಿಮಗೆ ವಿವರಿಸಬೇಕಾಗಿಲ್ಲ. ಯುದ್ಧಕ್ಕೆ ಮೊದಲೇ ನಾನು ಅರ್ಧ ಬೆಂದಿದ್ದೆ.

ಅಷ್ಟರಲ್ಲಿ ಬಾಯಮ್ಮ ಕಪ್ಪು ಕೊಡೆ ಹಿಡಿದುಕೊಂಡು ಇಗರ್ಜಿಯಿಂದ ಬಂದರು. ನನ್ನನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

"ಯಾರಿದು?"

"ನಾನೇ ಬಾಯಮ್ಮ."

"ಯೇ ದೇವಾ, ಮಾಷ್ಟ್ರಾ! ಎಂತ ನಾಟಕ ಉಂಟಾ ಇವತ್ತು?"

ಮಾವ ಮುಂದೆ ಬಂದು ಕ್ರಮಪ್ರಕಾರ ಕೇಳಿದರು. ಕೋಳಿಕಟ್ಟದಲ್ಲಿ ಎದುರು ಪಕ್ಷದವರನ್ನು ಕೇಳದೆ ಜೋಡಿ ಹಾಕುವ ಹಾಗಿಲ್ಲ. "ಬಾಯಮ್ಮ, ನಿಮ್ಮ ಬೊಳ್ಳೆಗೂ ನಮ್ಮ ಕೆಮ್ಮೈರೆಗೂ ಒಂದು ಜೋಡಿ ಹಾಕುವ. ಕಟ್ಟದ ನ್ಯಾಯ ನಿಮಗೆ ಗೊತ್ತುಂಟಲ್ಲ? ಬೆನ್ನು ಹಾಕಿ ಓಡಿದ್ದು ಸೋತಿತು. ಸೋತದ್ದು ಗೆದ್ದದ್ದರ ಯಜಮಾನನಿಗೆ. ನಾವು ಗೆದ್ರೆ ನಿಮ್ಮ ಬಾತು ನಮ್ಮದು, ಇವತ್ತು ಮಧ್ಯಾಹ್ನ ಸುಕ್ಕ."

ಬಾಯಮ್ಮ ಕಪ್ತಾನನನ್ನು ನೋಡಿದರು, ನನ್ನನ್ನು ನೋಡಿದರು. ನಿರ್ಧಾರ ಮಾಡಲು ಅವರಿಗೆ ಕೊಡೆ ಮಡಚುವಷ್ಟು ಸಮಯವೂ ಬೇಕಾಗಲಿಲ್ಲ. "ಆಯ್ತು," ಎಂದರು. "ಬಿಡಿ ನಿಮ್ಮ ಕೋಳಿಯನ್ನು." ದೇವಕ್ಕ ಮೀನು ಮಾರುವುದನ್ನು ಬಿಟ್ಟು ಬುಟ್ಟಿಯ ಮೇಲೆ ಗೋಣಿ ಮುಚ್ಚಿ ಹಲಸಿನ ಮರದ ಬುಡದಲ್ಲಿ ಕೂತಳು. ಈ ಮಾತುಕತೆಯನ್ನು ನಾನೂ ಕೇಳಿಸಿಕೊಂಡೆ. ಆದರೆ ನ್ಯಾಯದ ಅರ್ಧ ಭಾಗ ಮಾತ್ರ ನನ್ನ ತಲೆಗೆ ಹೋಯಿತು, ಬಾತು ಮಸಾಲೆಯಲ್ಲಿ ಬೇಯುವ ಸುಕ್ಕದ ಭಾಗ.

ಹುಂಜವನ್ನು ಕಣಕ್ಕೆ ಬಿಡುವ ಮೊದಲು ಕೆಣಕುವ ಕ್ರಮವೊಂದುಂಟು. ಯಜಮಾನ ಅದನ್ನು ಹಿಂದಿನಿಂದ ಹಿಡಿದು, ಎದುರಾಳಿಯ ಮುಖದ ಹತ್ತಿರ ಒಯ್ದು, ಹಿಂದೆ ತಂದು, ಮತ್ತೆ ಒಯ್ದು, ರೋಷ ಬರಿಸಬೇಕು. ಮಾವ ನನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸೊಂಟ ಹಿಡಿದರು. ನನಗೂ ಬಾಗಲು ಹೇಳಿದರು. "ಹ್ಹಾ!" ಎಂದು ಮುಂದೆ ದೂಡಿದರು, "ಹ್ಹೂ!" ಎಂದು ಹಿಂದೆ ಎಳೆದರು. ನನಗೆ ರೋಷ ಬರಲಿಲ್ಲ, ಬೆಳಿಗ್ಗೆ ತಿಂದ ಪುಂಡಿ ಮೇಲೆ ಬಂತು. ಕಪ್ತಾನನಿಗೆ ಮಾತ್ರ ಯಾರೂ ಕೆಣಕದೆಯೇ ಬೇಕಾದಷ್ಟು ರೋಷ ಬಂದಿತ್ತು. ಅವನ ಹೆಂಡಂದಿರು ಹುಲ್ಲು ಬಿಟ್ಟು ಪಕ್ಕಕ್ಕೆ ಸರಿದು, ಇಂಥದ್ದನ್ನು ಬಹಳ ಕಂಡಿದ್ದೇವೆ ಎನ್ನುವ ಹಾಗೆ ನಿಂತರು.

"ಕಣ್ಣು ನೋಡು ಕಣ್ಣು!" ಎಂದು ಮಾವ ಹಿಂದಿನಿಂದ ಕೂಗಿದರು. ನೋಡಿದೆ. ಅದು ಸಣ್ಣ ಉರುಟು ಕಣ್ಣು. ನಮ್ಮ ಹೆಡ್‌ಮಾಸ್ಟರರು ರಜೆಯ ಅರ್ಜಿಯನ್ನು ನೋಡುವಾಗ ಅಂಥ ಕಣ್ಣು ಮಾಡುತ್ತಾರೆ. ಮಾವ ಕೈ ಬಿಟ್ಟರು.

ಆಮೇಲೆ ಆದದ್ದನ್ನು ನಾನು ನೋಡಿಲ್ಲ, ಯಾಕೆಂದರೆ ನನ್ನ ಮುಖ ಬೇರೆ ದಿಕ್ಕಿಗಿತ್ತು. ನೋಡಿದವರು ಹೇಳುವ ಪ್ರಕಾರ, ನಾನು ಹಲಸಿನ ಮರಕ್ಕೆ ಸುತ್ತು ಬಂದೆ, ಬಾವಿಗೆ ಸುತ್ತು ಬಂದೆ, ಸಾಲಾಗಿ ಇಟ್ಟಿದ್ದ ಪಾತ್ರೆಗಳ ಮಧ್ಯದಿಂದ ಒಂದನ್ನೂ ತಪ್ಪಿಸದೆ ತುಳಿದುಕೊಂಡು ಹೋದೆ. ಕಾಲಿನ ಹಾಳೆ ಕರಕರ ಎನ್ನುತ್ತಿತ್ತು, ಕುಂಕುಮ ಬೆವರಿನ ಒಟ್ಟಿಗೆ ಇಳಿದು ಕಣ್ಣಿಗೆ ಹೋಗುತ್ತಿತ್ತು. ಹಾಳೆಯನ್ನು ಕಂಡ ಕಪ್ತಾನ ಮೀನಖಂಡವನ್ನು ಮುಟ್ಟಲೇ ಇಲ್ಲ. ಹಾಳೆ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಮೇಲೆ ಹಿಡಿದ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತೆ. ಕಂಬಳಿ ಕಪ್ತಾನನ ಬಾಯಿಯಲ್ಲಿತ್ತು. ಅವನು ಅದನ್ನು ನೆಲಕ್ಕೆ ಹಾಕಿ, ಅದರ ಮೇಲೆ ನಿಂತು, ರೆಕ್ಕೆ ಬಡಿದು ಆಕಾಶ ನೋಡಿ ಒಂದು ಕೂಗು ಹಾಕಿದ. ಹಂಚಿನ ಕಾರ್ಖಾನೆಯ ಸೀಟಿಯಾದರೂ ಅದಕ್ಕಿಂತ ಮೆಲ್ಲಗೆ.

"ಸೋತಿತು," ಎಂದರು ಮಾವ. ಅವರ ಸ್ವರದಲ್ಲಿ ನನ್ನ ಬಗ್ಗೆ ಕನಿಕರವಿರಲಿಲ್ಲ. ಶಾಸ್ತ್ರ ತಪ್ಪಿದ್ದು ಹೇಗೆ ಎಂಬುದೊಂದೇ ಚಿಂತೆ. ಕಲ್ಲಿನ ಸುತ್ತ ಬಂದು ನನ್ನನ್ನು ಪರೀಕ್ಷಿಸಿದರು. ಕೊನೆಗೆ ಬೆರಳೆತ್ತಿ ನನ್ನ ಮೂಗಿನ ಅಡಿಗೆ ತೋರಿಸಿದರು. "ಇದು! ಮೀಸೆ ಕಪ್ಪು! ಕೆಂಪಿನಲ್ಲಿ ಕಪ್ಪು ಸೇರಿದ್ರೆ ಅದು ಕೆಮ್ಮೈರೆ ಹೇಗೆ ಆಗ್ತದೆ? ಬಣ್ಣವೇ ಬೇರೆ, ಲೆಕ್ಕವೇ ಬೇರೆ. ಪಂಚಾಂಗದ್ದು ತಪ್ಪಿಲ್ಲ. ಕೋಳಿಯದ್ದು ತಪ್ಪು."

ಹೀಗೆ ಹೇಳಿ, ತಮ್ಮ ಕಪ್ಪು ಹುಂಜವನ್ನು ಕಂಕುಳಿಗೆ ಸೇರಿಸಿ, ಬಾಯಮ್ಮನಿಗೆ ಕೈ ಮುಗಿದರು. "ನ್ಯಾಯ ನ್ಯಾಯವೇ ಬಾಯಮ್ಮ. ಸೋತದ್ದು ನಿಮ್ಮದು. ಇವನನ್ನು ಇಟ್ಕೊಳ್ಳಿ."

ನಾನು ತಮಾಷೆಯೆಂದು ತಿಳಿದೆ. ಮಾವ ಕೋಳಿಕಟ್ಟದ ವಿಷಯದಲ್ಲಿ ಜೀವಮಾನದಲ್ಲಿ ತಮಾಷೆ ಮಾಡಿದವರಲ್ಲ. ಬಾಯಮ್ಮನೂ ನಗಲಿಲ್ಲ. ಸಂತೆಯಲ್ಲಿ ಹಕ್ಕಿ ಹಿಡಿದು ನೋಡುವವರ ಹಾಗೆ ನನ್ನ ತೋಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು.

"ಸಾರಿಗೆ ಆಗ್ಲಿಕ್ಕಿಲ್ಲ," ಎಂದರು. "ಬರೀ ನರ. ಇರ್ಲಿ, ಕೆಲಸಕ್ಕೆ ಆಗ್ತದೆ. ಬೆಳಿಗ್ಗೆ ಬಾತಿಗೆ ತವುಡು ಕಲಸಿ ಹಾಕ್ಬೇಕು. ಸಂಜೆ ತೊಟ್ಟಿಯ ನೀರು ಬದಲಿಸ್ಬೇಕು. ನನಗೆ ಈಗ ಬಗ್ಗಲಿಕ್ಕೆ ಆಗುದಿಲ್ಲ ಮಾಷ್ಟ್ರೇ."

"ಕೊಂಡುಹೋಗಿ ಬಾಯಮ್ಮ," ಎಂದಳು ನನ್ನ ಧರ್ಮಪತ್ನಿ. "ಊಟಕ್ಕೆ ಮಾತ್ರ ಕಳಿಸಿ."

"ಆದರೆ ನಾಳೆ ಆ ಬಂದರಿನ ಮನೆಯ..." ಎಂದು ನಾನು ಕಲ್ಲಿನ ಮೇಲಿನಿಂದಲೇ ಶುರುಮಾಡಿದೆ.

"ಇನ್ನೊಬ್ಬರ ಕೋಳಿ ತನ್ನಷ್ಟಕ್ಕೆ ಮನೆ ಬದಲಿಸ್ತದಾ?" ಎಂದು ಮಾವ ಗದರಿಸಿದರು. "ಮರ್ಯಾದೆ ಉಂಟಾ ನಿನಗೆ?" ಕಲ್ಯಾಣಿ ಹೋಗಿ ತುಳಿದ ಪಾತ್ರೆಗಳನ್ನು ಹೆಕ್ಕಿದಳು. ನೆಗ್ಗಿದ ಚೆಂಬಿನಲ್ಲೇ ಮಾವನಿಗೆ ಬಾವಿಯ ನೀರು ತಂದು ಕೊಟ್ಟಳು. ಅಷ್ಟು ಪ್ರೀತಿಯಿಂದ ಅವಳು ನನ್ನ ಕಡೆಯವರಿಗೆ ಯಾರಿಗೂ ನೀರು ಕೊಟ್ಟದ್ದು ನನಗೆ ನೆನಪಿಲ್ಲ.

ಹೀಗೆ ನಾನು ಬಾಯಮ್ಮನ ಸೊತ್ತಾದೆ. ಮೊದಲಿಗೆ ತವುಡಿನ ಬಾಲ್ದಿಯನ್ನು ಕಾಯಿ ಕೊಯ್ಯುವ ಉದ್ದದ ದೋಟಿಗೆ ಸಿಕ್ಕಿಸಿ ದೂರದಿಂದಲೇ ಮುಂದೆ ನೂಕುತ್ತಿದ್ದೆ. ಕಪ್ತಾನ ಬಾಯಿ ತುಂಬ ತವುಡು ಇಟ್ಟುಕೊಂಡೇ ನನ್ನ ಮೇಲೆ ಬುಸುಗುಟ್ಟುತ್ತಿದ್ದ, ತವುಡೆಲ್ಲ ನನ್ನ ಮುಖಕ್ಕೆ ಹಾರುತ್ತಿತ್ತು. ಆಮೇಲೆ ಬುಸುಗುಟ್ಟುವುದಕ್ಕಿಂತ ತಿನ್ನುವುದೇ ಲಾಭ ಎಂದು ಅವನಿಗೆ ತೋರಿರಬೇಕು. ನಾನು ದೋಟಿಯನ್ನು ಬಿಟ್ಟೆ. ಮಳೆ ಹಿಡಿಯುವ ಹೊತ್ತಿಗೆ, ನಾನು ಬಗ್ಗಿ ತೊಟ್ಟಿ ತೊಳೆಯುತ್ತಿದ್ದಾಗ ಅವನು ಹತ್ತಿರ ಬಂದು ನನ್ನ ಮೀಸೆಯ ಒಂದು ತುದಿಯನ್ನು ಕೊಕ್ಕಿನಲ್ಲಿ ಹಿಡಿದ. ಆ ಕೀಲಿಕೈ ನೆನಪಾಗಿ ಕಣ್ಣು ಮುಚ್ಚಿಕೊಂಡೆ. ಅವನು ತಿರುಗಿಸಲಿಲ್ಲ. ಮೆಲ್ಲಗೆ ಬುಡದಿಂದ ತುದಿಯವರೆಗೆ ಸವರಿ ನೆಟ್ಟಗೆ ಮಾಡಿ ಬಿಟ್ಟ. ತನ್ನ ಹೆಂಡಂದಿರ ಪುಕ್ಕವನ್ನು ಅವನು ಹಾಗೆಯೇ ಮಾಡುತ್ತಾನೆ.

"ಆಯ್ತಲ್ಲ ಮಾಷ್ಟ್ರೇ," ಎಂದಳು ದೇವಕ್ಕ, ಬೂತಾಯಿ ಮೀನು ಎಣಿಸುತ್ತಾ. "ನೀವು ಹಿರಿಯವಳಾ ಕಿರಿಯವಳಾ?"

ಆಮೇಲೆ ಕಥೆ ಉಲ್ಟಾ ಆಯಿತು. ನನ್ನನ್ನು ಕಾಣಲು ಬಂದವರು ಯಾರೂ ಕ್ಷೇಮವಾಗಿ ಒಳಗೆ ಬರುವ ಹಾಗಿಲ್ಲ. ದೂಮಣ್ಣ ಮಾವ ಇನ್ನೊಂದು ಸಲ ಬಂದಾಗ ಗೇಟಿನ ಹೊರಗೇ ನಿಂತು, "ಇವತ್ತು ಬುಧವಾರ, ಬುಧವಾರ ಬೊಳ್ಳೆಗೆ ಬಲ ಜಾಸ್ತಿ, ಹಾಗೆ ಬರ್ಲಿಲ್ಲ" ಎಂದು ರಸ್ತೆಯಿಂದಲೇ ಕೂಗಿ ಹೇಳಿ, ಕಾಫಿಯನ್ನೂ ಅಲ್ಲಿಯೇ ಕುಡಿದು ಹೋದರು. ನಮ್ಮ ಹೆಡ್‌ಮಾಸ್ಟರರು ಒಂದು ಸಂಜೆ ಯಾವುದೋ ಕೆಲಸಕ್ಕೆ ಬಂದರು. ಕಪ್ತಾನ ಅವರನ್ನು ಬಾವಿಯ ಸುತ್ತ ಓಡಿಸಿದ. ನಾನು ಓಡಿ ಹೋಗಿ ಬಿಡಿಸಿದೆ. ಓಡುವ ಮೊದಲು ಸ್ವಲ್ಪ ಹೊತ್ತು ಕಿಟಕಿಯಿಂದ ನೋಡಿದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹೆಡ್‌ಮಾಸ್ಟರರು ಬಂದ ಕೆಲಸ ಏನೆಂದರೆ, ಶಾಲೆಯ ಕಾಂಪೌಂಡಿನ ಒಳಗೇ ಒಂದು ಬಿಡಾರ ಖಾಲಿಯಾಗಿತ್ತು. ಡ್ರಿಲ್ ಮಾಷ್ಟ್ರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಹೊಸ ಹಂಚು, ಗಾಜಿನ ಕಿಟಕಿ, ಮನೆಯಿಂದ ಕೂಗಿದರೆ ಮೈದಾನಕ್ಕೆ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡ ವಿಷಯ, ಬಾವಿ ಉಂಟು, ನೀರು ಸಿಹಿ. ಕಲ್ಯಾಣಿ ಹೋಗಿ ಕುಡಿದು ನೋಡಿ ಬಂದಳು. ಕಣ್ಣು ಮುಚ್ಚಿ ನಿಂತಳಂತೆ.

"ಇವರೇ, ಯಾವಾಗ ಹೋಗುವ?" ಎಂದಳು.

ಸಂತೋಷದಿಂದ ಕುಣಿಯಬೇಕಾದವನು ನಾನು. ಆದರೆ ನನ್ನ ಬಾಯಿಯಿಂದ ಬಂದದ್ದು, "ಅಲ್ಲಿ ಗಾಳಿ ಹೆಚ್ಚು," ಎಂಬ ಮಾತು.

"ಗಾಳಿ ಹೆಚ್ಚಾದ್ರೆ ಎಂತ?"

"ಮಾಡಿನ ಹಂಚು ಹಾರಬಹುದು. ಮತ್ತೆ ಶಾಲೆಯ ಹತ್ತಿರ ಇದ್ದರೆ ಮಕ್ಕಳಿಗೆ ಭಯ ಇರುವುದಿಲ್ಲ." ಅವಳು ಸುಮ್ಮನೆ ನೋಡುತ್ತಿದ್ದಳು. ಹೆಂಗಸರು ಸುಮ್ಮನೆ ನೋಡಿದರೆ ಗಂಡಸಿನ ಬಾಯಿಯಿಂದ ನಿಜ ತಾನಾಗಿ ಬೀಳುತ್ತದೆ. "ಬಾಯಮ್ಮನಿಗೆ ಬಗ್ಗಲಿಕ್ಕೆ ಆಗುವುದಿಲ್ಲ ಅಲ್ವಾ. ಅವನಿಗೆ ತವುಡು ಬೇರೆಯವರು ಕಲಸಿದರೆ ಸೇರುವುದಿಲ್ಲ, ಒಂದು ದಿನ ನೀನೇ ಕಲಸಿ ಹಾಕಿದ್ದಿ, ಮುಟ್ಟಿದನಾ? ಮತ್ತೆ ಕೋಳಿಕಟ್ಟದ ನ್ಯಾಯವೂ ಒಂದುಂಟು. ನಾನು ಬೇರೆಯವರ ಸೊತ್ತು."

ಕಲ್ಯಾಣಿ ಕಿಟಕಿಯಿಂದ ಹೊರಗೆ ನೋಡಿದಳು. ಅಂಗಳದಲ್ಲಿ ಕಪ್ತಾನ ನನಗಾಗಿ ಕೂಗುತ್ತಿದ್ದ, ತವುಡಿನ ಹೊತ್ತಾಗಿತ್ತು.

"ಆ ಬಾತಿಗೆ ಬುದ್ಧಿ ಉಂಟು," ಎಂದಳು ಕೊನೆಗೆ. "ನಿಮ್ಮನ್ನು ನೋಡಿದ ದಿನವೇ ಓಡಿಸ್ಲಿಕ್ಕೆ ನೋಡಿತು. ನಾನೇ ಉಳಿಸಿಕೊಂಡದ್ದು."

ನಾನು ಬಾಲ್ದಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಶಾಲೆಯ ಬಿಡಾರಕ್ಕೆ ಗಣಿತದ ಮಾಷ್ಟ್ರು ಹೋದರು. ನಾವು ಇಲ್ಲಿಯೇ ಇದ್ದೇವೆ.

ಇಷ್ಟು ಹೇಳಿಕೊಂಡ ಮೇಲೆ ನನ್ನ ಮನಸ್ಸು ಹಗುರವಾಗಿದೆ. ಇನ್ನು ನಿಮ್ಮ ಸರದಿ. ನಿಮ್ಮನ್ನು ಓಡಿಸಿದ್ದು ಬಾತೋ, ಕೋಳಿಯೋ, ನವಿಲೋ, ಏನಿದ್ದರೂ ಸರಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದು ಹಾಕಿ. ಹುಲಿಯ ಕಥೆ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ಸಂಧಿವಾತ ಎಂದು ಬರೆದರೂ ನನಗೆ ಅರ್ಥವಾಗುತ್ತದೆ. ಕೂತು ಬರೆಯಲು ಆಗದ ಸ್ಥಿತಿಯಲ್ಲಿದ್ದರೆ ನಿಂತುಕೊಂಡೇ ಬರೆಯಿರಿ, ಅಕ್ಷರ ವಕ್ರವಾದರೂ ನಾನು ಓದಿಕೊಳ್ಳುತ್ತೇನೆ.